ಪ್ರಶಸ್ತಿಯ ಪಂಕ್ತಿಯಲ್ಲಿ ನಮ್ಮ ಎಲೆ ಎಲ್ಲಿ?

ಟಿವಿಯಲ್ಲಿ ಸಿನಿಮಾ ಪ್ರಶಸ್ತಿ ಸಮಾರಂಭ ಬಂದ ದಿನ ನಮ್ಮ ಮನೆಯಲ್ಲಿ ಸಾರು ತಳ ಹಿಡಿಯೋದು ಖಂಡಿತ. ಯಾರು ಯಾವ ಸೀರೆ ಉಟ್ಟರು, ಯಾರ ಪಕ್ಕ ಯಾರು ಕೂತರು, ಯಾರು ಅತ್ತರು ಅಂತ ನೋಡುತ್ತಾ ಕೂತರೆ ಒಲೆಯ ನೆನಪೇ ಇರುವುದಿಲ್ಲ. ಹೋದ ಸಲ ಹೀಗೇ ನೋಡ್ತಾ ಇದ್ವಿ. ಅತ್ಯುತ್ತಮ ನಟಿ ಅಂತ ಹೆಸರು ಕೂಗಿದರು. ಸೋಫಾದ ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ನಮ್ಮ ಅತ್ತೆ ತಲೆ ಎತ್ತಿ ಕೇಳಿದರು, "ಅಲ್ಲವಾ, ಇದನ್ನ ಆರಿಸೋರು ಯಾರು? ಅವರ ಮಾರಿ ಒಮ್ಮೆನೂ ತೋರ್ಸೂದಿಲ್ಲಲ್ಲ?"

ಎಷ್ಟು ಸರಿಯಾದ ಪ್ರಶ್ನೆ ಅಲ್ವಾ ಗೆಳತಿಯರೇ! ಗೆದ್ದವರ ಮುಖ ನೋಡ್ತೀವಿ, ಸೋತವರ ಮುಖ ಇನ್ನೂ ಹತ್ತಿರದಿಂದ ನೋಡ್ತೀವಿ. ಆದರೆ ಆರಿಸುವವರ ಮುಖ ನಮಗೆ ಕಾಣುವುದೇ ಇಲ್ಲ. ಪ್ರಶಸ್ತಿಯ ಪಂಕ್ತಿಯಲ್ಲಿ ಯಾರಿಗೆ ಎಲೆ ಹಾಕಬೇಕು, ಯಾರನ್ನು ಹೊರಗೆ ನಿಲ್ಲಿಸಬೇಕು ಅನ್ನೋದು ಅವರ ಕೈಯಲ್ಲೇ ಇರುತ್ತದೆ.

ಇದು ಸಿನಿಮಾದವರ ವಿಷಯ, ನಮಗೇಕೆ ಅಂತೀರಾ? ಅನಂತಪುರದಂಥ ಊರಿನಲ್ಲಿ ಕೂತು ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ನಾನೇ ಒಮ್ಮೆ ತೀರ್ಪುಗಾರಳ ಕುರ್ಚಿಯಲ್ಲಿ ಕೂತು ತಪ್ಪು ಮಾಡಿದ ಮೇಲೆ ಅರ್ಥವಾಯಿತು. ಅದನ್ನು ಆಮೇಲೆ ಹೇಳ್ತೀನಿ. ಮೊದಲು ನಮ್ಮ ಸೀಮೆಗೆ ಸಂಬಂಧಪಟ್ಟ ಮೂವರು ನಟಿಯರ ಕಥೆ ಕೇಳಿ.

ಖಡಕಲಾಟದ ಮಗಳು, ಎಲ್ಲರ ತಾಯಿ

ನಿಪ್ಪಾಣಿ ಹತ್ತಿರ ಖಡಕಲಾಟ ಅಂತ ಊರಿದೆ. ಹಿಂದಿ ಮತ್ತು ಮರಾಠಿ ಸಿನಿಮಾಗಳ ಪ್ರೀತಿಯ 'ಅಮ್ಮ' ಸುಲೋಚನಾ ಲಾಟಕರ್ ಹುಟ್ಟಿದ್ದು ಇದೇ ಊರಲ್ಲಿ, 1928ರಲ್ಲಿ. ಕೊಲ್ಲಾಪುರಕ್ಕೆ ಹೋಗಿ, ದೊಡ್ಡ ನಿರ್ದೇಶಕ ಭಾಲಜಿ ಪೆಂಢಾರಕರ್ ಅವರ ಕೈಯಲ್ಲಿ ಪಳಗಿದರು. ಮರಾಠಿಯಲ್ಲಿ ನಾಯಕಿಯಾಗಿ ಮೆರೆದರು. ಹಿಂದಿಗೆ ಹೋದ ಮೇಲೆ ಅವರಿಗೆ ಮತ್ತೆ ಮತ್ತೆ ಸಿಕ್ಕಿದ್ದು ತಾಯಿಯ ಪಾತ್ರ. ಸುನೀಲ್ ದತ್, ದೇವಾನಂದ್, ರಾಜೇಶ್ ಖನ್ನಾ ಹೀಗೆ ದೊಡ್ಡ ದೊಡ್ಡ ನಾಯಕರಿಗೆಲ್ಲ ತಾಯಿಯಾದರು. ಎರಡೂ ಭಾಷೆ ಸೇರಿ ಸುಮಾರು 300 ಚಿತ್ರಗಳು!

ಆ ತಾಯಿ ಮಗನಿಗೆ ಊಟ ಬಡಿಸಬೇಕು, ದೇವರ ಮುಂದೆ ಕಣ್ಣೀರು ಹಾಕಬೇಕು, ಕಡೆಯಲ್ಲಿ ಸೊಸೆಯನ್ನು ಮನೆ ತುಂಬಿಸಿಕೊಳ್ಳಬೇಕು. ಕಥೆ ಮಗನದು, ಚಪ್ಪಾಳೆಯೂ ಮಗನದು. ನಮ್ಮ ಮನೆಗಳ ಕಥೆಗಿಂತ ಏನು ಬೇರೆ ಹೇಳಿ? ಅವರಿಗೆ 1999ರಲ್ಲಿ ಪದ್ಮಶ್ರೀ ಬಂತು, 2004ರಲ್ಲಿ ಫಿಲಂಫೇರ್ ಜೀವಮಾನ ಸಾಧನೆ ಪ್ರಶಸ್ತಿ ಬಂತು, 2009ರಲ್ಲಿ ಮಹಾರಾಷ್ಟ್ರ ಭೂಷಣ ಗೌರವ ಬಂತು. 2023ರ ಜೂನ್‌ನಲ್ಲಿ ತೀರಿಕೊಂಡರು. ಸಿನಿಮಾದ ಅತಿ ದೊಡ್ಡ ಗೌರವವಾದ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಗುರುಗಳಾದ ಭಾಲಜಿಯವರಿಗೆ ಬಂತು, 1991ನೇ ಸಾಲಿನದು. ಶಿಷ್ಯೆಗೆ ಬರಲಿಲ್ಲ.

ಇದೇ ಫಾಲ್ಕೆ ಪ್ರಶಸ್ತಿಯ ಲೆಕ್ಕ ನೋಡಿ. 1969ರ ಮೊದಲ ಪ್ರಶಸ್ತಿಯೇ ಒಬ್ಬ ಹೆಣ್ಣುಮಗಳಿಗೆ, ದೇವಿಕಾ ರಾಣಿಗೆ. ಎಂಥ ಚೆಂದದ ಆರಂಭ! ಆದರೆ 2023ರ ಸಾಲಿನವರೆಗೆ ಪಟ್ಟಿಯಲ್ಲಿರುವ ಮಹಿಳೆಯರು ಬರೀ ಎಂಟು ಜನ. ಅದರಲ್ಲೂ 1983ರಲ್ಲಿ ದುರ್ಗಾ ಖೋಟೆ ಅವರಿಗೆ ಬಂದ ಮೇಲೆ 2020ರ ಸಾಲಿನ ಆಶಾ ಪಾರೇಖ್ ಅವರವರೆಗೆ, ಮೂವತ್ತೇಳು ವರ್ಷ, ಒಬ್ಬ ನಟಿಯೂ ಇಲ್ಲ. ನಡುವೆ ಬಂದ ಇಬ್ಬರು ಲತಾ ಮತ್ತು ಆಶಾ, ಹಾಡಿದವರು. ಮೂವತ್ತೇಳು ವರ್ಷದಲ್ಲಿ ಒಂದು ಹುಡುಗಿ ಹುಟ್ಟಿ, ಓದಿ, ಮದುವೆಯಾಗಿ, ಅವಳ ಮಗಳೂ ಹೈಸ್ಕೂಲಿಗೆ ಬಂದಿರುತ್ತಾಳೆ!

ಗೋಟೂರಿನಲ್ಲಿ ನಿಂತುಹೋದ ಮಿನುಗುತಾರೆ

ಎರಡನೆಯವರು ಕಲ್ಪನಾ. ನಮ್ಮ ಅತ್ತೆಯ ಕಾಲದವರಿಗೆ ಆ ಹೆಸರು ಹೇಳಿದರೆ ಸಾಕು, ಸೀರೆ ಉಡುವ ರೀತಿಯಿಂದ ಹಿಡಿದು ತುರುಬಿನವರೆಗೆ ಎಲ್ಲ ನೆನಪಾಗುತ್ತದೆ. ನಾಟಕ ಕಂಪನಿ ಜೊತೆ ನಮ್ಮ ಈ ಭಾಗಕ್ಕೆ ಬಂದಿದ್ದ ಅವರು, 1979ರ ಮೇ ತಿಂಗಳಲ್ಲಿ ಸಂಕೇಶ್ವರದ ಹತ್ತಿರದ ಗೋಟೂರಿನ ಪ್ರವಾಸಿ ಮಂದಿರದಲ್ಲಿ ಕೊನೆಯುಸಿರೆಳೆದರು. ವಯಸ್ಸು ಇನ್ನೂ ಮೂವತ್ತೈದು. ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವಾಗ ನಮ್ಮ ಅತ್ತೆ ಇವತ್ತಿಗೂ ಒಂದು ಕ್ಷಣ ಮಾತು ನಿಲ್ಲಿಸುತ್ತಾರೆ.

1972ರ 'ಶರಪಂಜರ'ದ ಕಾವೇರಿಯನ್ನು ಯಾರು ಮರೀತಾರೆ? ಬಾಣಂತನದ ನಂತರ ಮನಸ್ಸಿನ ಕಾಯಿಲೆಗೆ ಸಿಕ್ಕಿ, ಗುಣವಾಗಿ ಮನೆಗೆ ಬಂದರೂ 'ಹುಚ್ಚಿ' ಎಂಬ ಹಣೆಪಟ್ಟಿ ಕಳಚದ ಹೆಣ್ಣು. ಗಂಡನ ಅನುಮಾನ, ನೆರೆಯವರ ನೋಟ, ಎಲ್ಲ ಸೇರಿ ಅವಳನ್ನು ಮತ್ತೆ ಅಲ್ಲಿಗೇ ತಳ್ಳುತ್ತವೆ. ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರ ಪ್ರಶಸ್ತಿ 'ಶರಪಂಜರ'ಕ್ಕೆ ಬಂತು. ಅತ್ಯುತ್ತಮ ನಟಿ ಪ್ರಶಸ್ತಿ ಮಾತ್ರ ಮಲಯಾಳಂನ 'ಸ್ವಯಂವರಂ' ಚಿತ್ರದ ಶಾರದಾ ಅವರಿಗೆ ಹೋಯಿತು. ಶಾರದಾ ಕಡಿಮೆ ನಟಿಯಲ್ಲ, ಅವರಿಗೆ ಬಂದಿದ್ದು ತಪ್ಪು ಅಂತ ನಾನು ಹೇಳೋದಿಲ್ಲ. ಆದರೆ ಕಲ್ಪನಾಗೆ ರಾಷ್ಟ್ರಮಟ್ಟದ ನಟಿ ಪ್ರಶಸ್ತಿ ಕೊನೆಗೂ ಬರಲೇ ಇಲ್ಲ ಅನ್ನೋದು ಕನ್ನಡದ ಹೆಣ್ಣುಮಕ್ಕಳ ಮನಸ್ಸಿನಲ್ಲಿ ಇನ್ನೂ ಚುಚ್ಚುವ ಮುಳ್ಳು.

ಅವರನ್ನು ಮೂರು ಸಲ ಅತ್ಯುತ್ತಮ ನಟಿ ಅಂತ ಗುರುತಿಸಿದ್ದು ನಮ್ಮ ರಾಜ್ಯ ಪ್ರಶಸ್ತಿ. 'ಬೆಳ್ಳಿಮೋಡ', 'ಹಣ್ಣೆಲೆ ಚಿಗುರಿದಾಗ', 'ಶರಪಂಜರ'. ಈ ಮೂರು ಹೆಸರನ್ನು ಮತ್ತೊಮ್ಮೆ ಓದಿ. ಮೂರೂ ತ್ರಿವೇಣಿಯವರ ಕಾದಂಬರಿಗಳು! 1963ರಲ್ಲೇ ತೀರಿಕೊಂಡ ತ್ರಿವೇಣಿ ಇವುಗಳಲ್ಲಿ ಒಂದು ಚಿತ್ರವನ್ನೂ ನೋಡಲಿಲ್ಲ.

ತೇರದಾಳಕ್ಕೆ ಬಂದ ಗುಲಾಬಿ

ಮೂರನೆಯವರು ಉಮಾಶ್ರೀ. ಕೃಷ್ಣೆಯ ಆಚೆ ದಡದ ತೇರದಾಳ ಕ್ಷೇತ್ರದಿಂದ 2013ರಲ್ಲಿ ಶಾಸಕಿಯಾಗಿ, ಮಂತ್ರಿಯೂ ಆಗಿದ್ದವರು. ಹಾಗಾಗಿ ಹುಟ್ಟಿದ್ದು ತುಮಕೂರು ಕಡೆಯಾದರೂ ನಮ್ಮ ಭಾಗದವರಿಗೆ ಅವರು 'ನಮ್ಮ ಉಮಕ್ಕ'. ಎಷ್ಟೋ ವರ್ಷ ಸಿನಿಮಾದವರು ಅವರನ್ನು ನಗಿಸಲಿಕ್ಕೆ, ಜಗಳ ಆಡಲಿಕ್ಕೆ ಮಾತ್ರ ಕರೆದರು. ಸುಮಾರು ಐವತ್ತರ ವಯಸ್ಸಿನಲ್ಲಿ ಗಿರೀಶ್ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್' ಸಿಕ್ಕಿತು. ಸಿನಿಮಾ ಹುಚ್ಚಿನ ಸೂಲಗಿತ್ತಿ ಗುಲಾಬಿಯ ಪಾತ್ರಕ್ಕೆ 2007ರ ಸಾಲಿನ ರಾಷ್ಟ್ರ ಪ್ರಶಸ್ತಿ ಬಂತು. ಕಥೆ ಯಾರದು? ವೈದೇಹಿಯವರದು.

ಅದಕ್ಕೂ ಮೊದಲು 2004ರ ಸಾಲಿನಲ್ಲಿ ತಾರಾ ಅವರಿಗೆ 'ಹಸೀನಾ' ಚಿತ್ರಕ್ಕೆ ಇದೇ ಪ್ರಶಸ್ತಿ ಬಂದಿತ್ತು. ಕಥೆ ಯಾರದು? ಬಾನು ಮುಷ್ತಾಕ್ ಅವರದು. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಗೆದ್ದು ಕನ್ನಡದ ಹೆಸರನ್ನು ಲಂಡನ್ನಿನಲ್ಲಿ ಹೇಳಿಸಿದರಲ್ಲ, ಅದೇ ಬಾನು.

1973ರಲ್ಲಿ 'ಕಾಡು' ಚಿತ್ರಕ್ಕೆ ನಂದಿನಿ ಭಕ್ತವತ್ಸಲ, ಆಮೇಲೆ ತಾರಾ, ಆಮೇಲೆ ಉಮಾಶ್ರೀ. ಕನ್ನಡ ಚಿತ್ರದಲ್ಲಿ ನಟಿಸಿ ರಾಷ್ಟ್ರಮಟ್ಟದ ಅತ್ಯುತ್ತಮ ನಟಿ ಆದವರು ಈ ಮೂವರೇ. ನಂದಿನಿ ಮತ್ತು ತಾರಾ ನಡುವಿನ ಅಂತರ ಮೂವತ್ತೊಂದು ವರ್ಷ. ನಮ್ಮಲ್ಲಿ ನಟಿಯರಿಗೆ ಬರ ಇತ್ತೇ? ಇಲ್ಲ. ಪಾತ್ರಗಳಿಗೆ ಬರ ಇತ್ತು. ಹಾಡಿಗೆ ಕುಣಿದು, ನಾಯಕನ ಕೈಯಲ್ಲಿ ಬುದ್ಧಿ ಹೇಳಿಸಿಕೊಂಡು ಹೋಗುವ ಪಾತ್ರಕ್ಕೆ ಯಾವ ತೀರ್ಪುಗಾರ ಏನು ಕೊಡಬಹುದು? ಹೆಣ್ಣು ಬರೆದ ಕಥೆ ಸಿನಿಮಾ ಆದಾಗ ಹೆಣ್ಣಿಗೆ ಪಾತ್ರ ಸಿಕ್ಕಿತು, ಪಾತ್ರ ಸಿಕ್ಕಾಗ ಪ್ರಶಸ್ತಿಯೂ ಬಂತು. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'ನನ್ನು ಪ್ರೇಮಾ ಕಾರಂತರು ನಿರ್ದೇಶಿಸಿದಾಗಲೂ ಅದು ಅತ್ಯುತ್ತಮ ಕನ್ನಡ ಚಿತ್ರ ಅನ್ನುವ ರಾಷ್ಟ್ರ ಪ್ರಶಸ್ತಿ ತಂದಿತು.

ಕ್ಯಾಮೆರಾದ ಹಿಂದೆ ನಿಲ್ಲುವ ಹೆಣ್ಣಿನ ಸ್ಥಿತಿ ಇನ್ನೂ ಕಷ್ಟ. ರಾಷ್ಟ್ರಮಟ್ಟದ ಅತ್ಯುತ್ತಮ ನಿರ್ದೇಶಕರ ಪ್ರಶಸ್ತಿ ಶುರುವಾಗಿದ್ದು 1967ರ ಸಾಲಿನಲ್ಲಿ. 2023ರ ಸಾಲಿನವರೆಗೆ ಅದನ್ನು ಪಡೆದ ಮಹಿಳೆ ಅಪರ್ಣಾ ಸೇನ್ ಒಬ್ಬರೇ, ಎರಡು ಸಲ.

ಆರಿಸುವುದು ಹೇಗೆ?

ಫಿಲಂಫೇರ್‌ನಂಥ ಪ್ರಶಸ್ತಿಗಳಲ್ಲಿ ಮೊದಲೇ ನಾಲ್ಕೈದು ಹೆಸರು ಪ್ರಕಟಿಸುತ್ತಾರೆ. ಇದಕ್ಕೇ ನಾಮನಿರ್ದೇಶನ ಅನ್ನುವುದು. ನಮ್ಮ ರಾಷ್ಟ್ರ ಪ್ರಶಸ್ತಿಯಲ್ಲಿ ಹಾಗಿಲ್ಲ. ನಿರ್ಮಾಪಕರು ಅರ್ಜಿ ಹಾಕಬೇಕು, ಇಂಗ್ಲಿಷ್ ಅಡಿಬರಹ ಸೇರಿಸಿ ಚಿತ್ರ ಕಳಿಸಬೇಕು. ಮೊದಲು ಪ್ರಾದೇಶಿಕ ಸಮಿತಿ ನೋಡುತ್ತದೆ, ಅವರು ಆರಿಸಿದ್ದನ್ನು ದೆಹಲಿಯ ಕೇಂದ್ರ ಸಮಿತಿ ನೋಡುತ್ತದೆ. ಅರ್ಜಿಯೇ ಹಾಕದ ಚಿತ್ರ ಎಷ್ಟು ಚೆನ್ನಾಗಿದ್ದರೂ ಪಂಕ್ತಿಗೆ ಬರುವುದಿಲ್ಲ. ಇನ್ನು ನಮ್ಮ ಕಡೆ ಮಾತಿನ ಗತಿ ಕೇಳಲೇಬೇಡಿ. ಉತ್ತರ ಕರ್ನಾಟಕದ ಭಾಷೆ ಸಿನಿಮಾದಲ್ಲಿ ಬಂದರೆ ಹೆಚ್ಚಾಗಿ ನಗಿಸಲಿಕ್ಕೆ ಬರುತ್ತದೆ. 1997ರ 'ನಾಗಮಂಡಲ'ದಂತೆ ಪ್ರೀತಿ, ನೋವು ಹೇಳಲಿಕ್ಕೆ ಬರುವುದು ಅಪರೂಪ. ಬಂದರೂ ನಮ್ಮ 'ಯವ್ವಾ' ಅನ್ನುವ ಕೂಗು ಅಡಿಬರಹದಲ್ಲಿ ಬರೀ 'ಮದರ್' ಆಗಿ ಸಪ್ಪಗಾಗಿರುತ್ತದೆ.

ತಡವಾಗುವುದೂ ಇದೆ. ನಮ್ಮ ರಾಜ್ಯದ 2019ರ ಸಾಲಿನ ಪ್ರಶಸ್ತಿಗಳು ಪ್ರಕಟವಾದದ್ದು 2025ರ ಜನವರಿಯಲ್ಲಿ! ಮಗುವಿನ ತೊಟ್ಟಿಲ ಕಾರ್ಯಕ್ಕೆ ಕೊಡಬೇಕಾದ ಉಡುಗೊರೆಯನ್ನು ಅದು ಶಾಲೆಗೆ ಸೇರಿದ ಮೇಲೆ ಕೊಟ್ಟಂತೆ.

ದೊಡ್ಡವರ ಮನೆಯಲ್ಲೂ ಇದೇ ಕಥೆ. 1940ರಲ್ಲಿ 'ಗಾನ್ ವಿತ್ ದ ವಿಂಡ್' ಚಿತ್ರಕ್ಕೆ ಪೋಷಕ ನಟಿಯಾಗಿ ಹ್ಯಾಟಿ ಮೆಕ್‌ಡೇನಿಯಲ್ ಆಸ್ಕರ್ ಪಡೆದರು, ಆಸ್ಕರ್ ಪಡೆದ ಮೊದಲ ಕಪ್ಪು ವರ್ಣದ ಕಲಾವಿದೆ. ಆದರೆ ಆ ರಾತ್ರಿ ಅವರನ್ನು ತಮ್ಮ ಚಿತ್ರದ ತಂಡದೊಂದಿಗೆ ಕೂರಿಸಲಿಲ್ಲ, ಗೋಡೆ ಪಕ್ಕದ ಬೇರೆ ಮೇಜು ಕೊಟ್ಟರು. ಪ್ರಶಸ್ತಿ ಕೊಟ್ಟೂ ಬೇರೆ ಪಂಕ್ತಿ! ಕಪ್ಪು ವರ್ಣದ ಮಹಿಳೆಯೊಬ್ಬರು ಅತ್ಯುತ್ತಮ ನಟಿ ಅನ್ನಿಸಿಕೊಳ್ಳಲು 2002ರಲ್ಲಿ ಹ್ಯಾಲಿ ಬೆರಿ ಬರಬೇಕಾಯಿತು. 2025ರವರೆಗೂ ಅವರಿಗೆ ಜೊತೆಯಾಗಿ ಇನ್ನೊಬ್ಬರು ಬಂದಿಲ್ಲ.

2024ರಲ್ಲಿ ಭಾರತದಿಂದ ಆಸ್ಕರ್‌ಗೆ ಯಾವ ಚಿತ್ರ ಕಳಿಸಬೇಕು ಅಂತ ನಿರ್ಧರಿಸಲು ಕೂತ ಸಮಿತಿಯಲ್ಲಿ 13 ಜನ ಇದ್ದರು. ಹದಿಮೂರೂ ಜನ ಗಂಡಸರು! ಅವರು ಆರಿಸಿದ್ದು ಕಿರಣ್ ರಾವ್ ಅವರ 'ಲಾಪತಾ ಲೇಡೀಸ್'. ಸೆರಗಿನ ಮರೆಯಲ್ಲಿ ರೈಲಿನಲ್ಲಿ ಅದಲು ಬದಲಾದ ಇಬ್ಬರು ಮದುಮಕ್ಕಳ ಕಥೆ, ನನಗೂ ಬಹಳ ಇಷ್ಟ. ಅದೇ ವರ್ಷ ಪಾಯಲ್ ಕಪಾಡಿಯಾ ಅವರ 'ಆಲ್ ವಿ ಇಮ್ಯಾಜಿನ್ ಆಸ್ ಲೈಟ್' ಕಾನ್ ಚಿತ್ರೋತ್ಸವದಲ್ಲಿ ಗ್ರ್ಯಾಂಡ್ ಪ್ರಿ ಗೆದ್ದಿತ್ತು, ಅದನ್ನು ಕಳಿಸಲಿಲ್ಲ. ಎರಡೂ ಹೆಂಗಸರು ಮಾಡಿದ ಚಿತ್ರಗಳೇ, ಎರಡೂ ಹೆಂಗಸರ ಬದುಕಿನ ಕಥೆಗಳೇ. ಯಾವುದು ಹೆಚ್ಚು ಅನ್ನುವ ಚರ್ಚೆ ಇರಲಿ. ನನ್ನ ಪ್ರಶ್ನೆ ಇಷ್ಟೇ. ಹೆಂಗಸರ ಬದುಕನ್ನು ತೂಗುವ ಆ ಕೋಣೆಯಲ್ಲಿ ಕೂರಿಸಲಿಕ್ಕೆ ಇಡೀ ದೇಶದಲ್ಲಿ ಒಬ್ಬ ಹೆಂಗಸೂ ಸಿಗಲಿಲ್ಲವೇ?

ನಾನು ಮಾಡಿದ ತಪ್ಪು

ಈಗ ನನ್ನ ಕಥೆ. ಕೆಲವು ವರ್ಷದ ಹಿಂದೆ ಸಂಕ್ರಾಂತಿಯ ಅರಿಷಿಣ ಕುಂಕುಮದ ದಿನ ನಮ್ಮ ಓಣಿಯ ಹೆಂಗಸರು ಹಾಡಿನ ಸ್ಪರ್ಧೆ ಇಟ್ಟಿದ್ದೆವು. ಬಿ.ಎ. ಓದಿದವಳು, ಪತ್ರಿಕೆಗೆ ಬರೀತಾಳೆ ಅಂತ ನನ್ನನ್ನು ತೀರ್ಪುಗಾರಳಾಗಿ ಕೂರಿಸಿದರು. ಇನ್ನಿಬ್ಬರು ನನ್ನ ಗೆಳತಿಯರೇ. ನಾಲ್ಕಾರು ಜನ ಭಾವಗೀತೆ ಹಾಡಿದರು. ನಮ್ಮ ಹಿಂದಿನ ಓಣಿಯಲ್ಲಿ ರೊಟ್ಟಿ ಬಡಿದು ಮಾರುವ ಒಬ್ಬ ಅಕ್ಕ ಇದ್ದಾರೆ. ಅವರು ಎದ್ದು ನಿಂತು ಬೀಸುವ ಹಾಡು ಹಾಡಿದರು. ಅರ್ಧ ಕನ್ನಡ, ಅರ್ಧ ಮರಾಠಿ. ನೆರೆದಿದ್ದ ಅಜ್ಜಿಯರೆಲ್ಲ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ನಾವು ಮೂವರೂ ಬಹುಮಾನ ಕೊಟ್ಟಿದ್ದು ಭಾವಗೀತೆಗಳಿಗೆ. ಮೊದಲನೆಯದು, ಎರಡನೆಯದು, ಮೂರನೆಯದು ಎಲ್ಲ. ಯಾಕೆ? ಶಾಲೆಯಲ್ಲಿ ನಾವು ಕಲಿತ 'ಹಾಡು' ಅದು. ಬೀಸುವ ಹಾಡಿಗೆ ಎಷ್ಟು ಅಂಕ ಹಾಕಬೇಕು ಅಂತ ನಮಗೆ ಗೊತ್ತೇ ಇರಲಿಲ್ಲ. ನಮ್ಮಲ್ಲಿ ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ, ಅದು ಮಾತ್ರ ಸತ್ಯ.

ಮನೆಗೆ ಬಂದ ಮೇಲೆ ಅತ್ತೆ ಒಂದೇ ಮಾತು ಹೇಳಿದರು. "ಕೂತವರು ಮೂರೂ ಮಂದಿ ಒಂದ ಓಣ್ಯಾವ್ರು, ಒಂದ ಸಾಲ್ಯಾಗ ಕಲತವ್ರು. ಮತ್ತ ಇನ್ನೇನ ಆಗ್ತೈತಿ?"

ಮರುದಿನ ರೊಟ್ಟಿ ತರಲು ಹೋದಾಗ ಆ ಅಕ್ಕನಿಗೆ, "ನಿಮ್ಮ ಹಾಡು ಚಲೋ ಇತ್ತು" ಅಂದೆ. ಅವರು ರೊಟ್ಟಿ ಎಣಿಸುತ್ತಾ, "ಇರಲಿ ಬಿಡ್ರಿ ಅಕ್ಕಾರ, ಬೀಸೂ ಹಾಡಿಗೆ ಯಾರ ಬಹುಮಾನ ಕೊಡ್ತಾರ" ಅಂದರು. ಸಿಟ್ಟಿನಿಂದ ಅಂದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಮಾರನೇ ವರ್ಷ ಅವರು ಹೆಸರು ಕೊಡಲಿಲ್ಲ. ಕರೆದರೆ "ಕೆಲಸ ಐತ್ರಿ" ಅಂದರು. ಒಮ್ಮೆ ಪಂಕ್ತಿಯಿಂದ ಎಬ್ಬಿಸಿದವರು ಎರಡನೇ ಸಲ ತಾವಾಗಿ ಬಂದು ಕೂರುವುದಿಲ್ಲ ಗೆಳತಿಯರೇ. ಅರ್ಜಿ ಹಾಕದ ಚಿತ್ರಗಳ ಕಥೆಯೂ ಹೀಗೇ ಇರಬಹುದು ಅಂತ ನನಗೆ ಆಗ ಹೊಳೆಯಿತು.

ನಾವು ಏನು ಮಾಡಬಹುದು?

ದೆಹಲಿಯ ಸಮಿತಿ ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಆದರೆ ನಮ್ಮ ಅಂಗಳದಲ್ಲಿ ಮಾಡಬಹುದಾದ್ದು ಬೇಕಾದಷ್ಟಿದೆ.

* ಪ್ರಶಸ್ತಿ ಪಟ್ಟಿ ಓದುವಾಗ ಆರಿಸಿದವರ ಹೆಸರನ್ನೂ ಹುಡುಕಿ ಓದಿ. ಅವರಲ್ಲಿ ಹೆಂಗಸರೆಷ್ಟು, ಯಾವ ಯಾವ ಕಡೆಯವರು ಅಂತ ನೋಡಿ. ಮಕ್ಕಳಿಗೂ ಈ ಅಭ್ಯಾಸ ಮಾಡಿಸಿ.

* ಪ್ರಶಸ್ತಿ ಬಂದಿಲ್ಲ ಅಂದರೆ ಚೆನ್ನಾಗಿಲ್ಲ ಅಂತಲ್ಲ. ತಿಂಗಳಿಗೊಂದು ಮಧ್ಯಾಹ್ನ ಅಕ್ಕಪಕ್ಕದವರು ಸೇರಿ ಒಂದು ಸಿನಿಮಾ ನೋಡಿ. ಶರಪಂಜರ, ಫಣಿಯಮ್ಮ, ಹಸೀನಾ, ಗುಲಾಬಿ ಟಾಕೀಸ್‌ಗಳಿಂದ ಶುರು ಮಾಡಬಹುದು. ಅತ್ತೆ ಸೊಸೆ ಒಟ್ಟಿಗೆ ಕೂತರೆ ಇನ್ನೂ ಒಳ್ಳೆಯದು, ಎಷ್ಟೋ ಹೇಳದ ಮಾತು ಸಿನಿಮಾದ ನೆಪದಲ್ಲಿ ಹೊರಬರುತ್ತದೆ.

* ಶಾಲೆಯ ಗ್ಯಾದರಿಂಗ್‌ನಲ್ಲಿ ಮಗಳ ಹೆಸರು ಬಿಟ್ಟುಹೋದರೆ "ನಿನಗೆ ಬರೋದಿಲ್ಲ ಬಿಡು" ಅನ್ನಬೇಡಿ. "ನಿನಗೆ ನಿನ್ನ ಕೆಲಸದಲ್ಲಿ ಏನು ಇಷ್ಟವಾಯಿತು?" ಅಂತ ಕೇಳಿ. ಮರು ಸಲ ಹೆಸರು ಕೊಡುವಂತೆ ಮಾಡುವುದು ಅಮ್ಮನ ಕೆಲಸ.

* ನಿಮ್ಮ ಮಹಿಳಾ ಮಂಡಳದಲ್ಲಿ ಸ್ಪರ್ಧೆ ಇಟ್ಟರೆ ಮೂವರು ತೀರ್ಪುಗಾರರು ಮೂರು ಓಣಿಯವರು, ಮೂರು ವಯಸ್ಸಿನವರು ಇರಲಿ. ರಂಗೋಲಿ, ಅಡಿಗೆಗೆ ಹೆಸರಿನ ಬದಲು ನಂಬರ್ ಚೀಟಿ ಇಡಿ. ಪ್ರತಿವರ್ಷ ಅದೇ ಮೂವರು ಬೇಡ.

* ಮನೆಯಲ್ಲಿ ಮೆಚ್ಚುಗೆಯ ಮಾತನ್ನು ಆರು ವರ್ಷ ತಡಮಾಡಬೇಡಿ. ಪಲ್ಯ ಚೆನ್ನಾಗಿದ್ದರೆ ಊಟದ ಎಲೆಯ ಮುಂದೆಯೇ ಹೇಳಲಿ ಅಂತ ಗಂಡ ಮಕ್ಕಳಿಗೂ ಕಲಿಸಿ. ಕಸ ಮುಸುರೆಗೆ ಬರುವವರ ಕೆಲಸಕ್ಕೂ ನೀವು ಒಂದು ಒಳ್ಳೆಯ ಮಾತು ಹೇಳಿ.

ಕಡೆಗೊಂದು ಮಾತು. ಈಚಿನ ಸಂಕ್ರಾಂತಿಗೆ ನಾನು ಆ ರೊಟ್ಟಿ ಅಕ್ಕನ ಮನೆಗೆ ಹೋಗಿ, ಹಾಡಲಿಕ್ಕೆ ಬೇಡ, ತೀರ್ಪು ಕೊಡಲಿಕ್ಕೆ ಬನ್ನಿ ಅಂದೆ. ಅವರು ನಕ್ಕರು. "ನನಗ ಓದಾಕ ಬರಿಯಾಕ ಬರೂದಿಲ್ಲ, ಅಂಕ ಹೆಂಗ ಹಾಕ್ಲಿ?" ಪ್ರತಿಯೊಬ್ಬ ಹಾಡುಗಾರ್ತಿಗೂ ಒಂದೊಂದು ಬಟ್ಟಲು ಇಟ್ಟೆವು, ಮೂವರು ತೀರ್ಪುಗಾರರ ಕೈಗೂ ಒಂದೊಂದು ಮುಷ್ಟಿ ಗೋವಿನಜೋಳದ ಕಾಳು ಕೊಟ್ಟೆವು. ಹಾಡು ಮೆಚ್ಚಿದಷ್ಟು ಕಾಳು ಬಟ್ಟಲಿಗೆ ಹಾಕುವುದು, ಅಷ್ಟೇ ಲೆಕ್ಕ.

ಅವರು ಎಲ್ಲರ ಹಾಡನ್ನೂ ಕಣ್ಣು ಮುಚ್ಚಿ ಕೇಳಿದರು. ಹೆಚ್ಚು ಕಾಳು ಹಾಕಿದ್ದು ಭಾವಗೀತೆ ಹಾಡಿದ ಒಬ್ಬ ಹುಡುಗಿಗೆ! ಯಾಕೆ ಅಂತ ಕೇಳಿದೆ. "ಆಕಿ ಹಾಡೂದು ಬ್ಯಾರೆ ಇದ್ರೂ ಉಸಿರು ಹಿಡಿಯೂದು ನಮ್ಮಂಗ ಐತಿ" ಅಂದರು. ಅವರ ಹಾಡಿನಲ್ಲಿ ಕೇಳಬೇಕಾದ್ದನ್ನು ನಾನು ಕೇಳಿರಲಿಲ್ಲ, ನಮ್ಮ ಹಾಡಿನಲ್ಲಿ ಕೇಳಬೇಕಾದ್ದನ್ನು ಅವರು ಕೇಳಿದ್ದರು.

ಮುಂದಿನ ವರ್ಷ ಹಾಡಲಿಕ್ಕೂ ಹೆಸರು ಕೊಡ್ತೀನಿ ಅಂದಿದ್ದಾರೆ. ನಿಮ್ಮ ಓಣಿಯಲ್ಲೂ ಹೀಗೆ ಹೆಸರು ಕೊಡುವುದನ್ನು ಬಿಟ್ಟ ಒಬ್ಬರು ಇದ್ದೇ ಇರುತ್ತಾರೆ. ಇವತ್ತು ಸಂಜೆ ಒಮ್ಮೆ ಅವರ ಮನೆ ಕಡೆ ಹೋಗಿ ಬರ್ತೀರಾ?